ಐಸ್‌ಲ್ಯಾಂಡ್ ಹ್ಯಾಂಡ್‌ಬಾಲ್ ಪದಕ ಅದೃಷ್ಟದ ಫಲವೇ?

ಮೂರು ಲಕ್ಷ ಚಿಲ್ಲರೆ ಜನರ ಐಸ್‌ಲ್ಯಾಂಡ್ ಪುರುಷರ ಹ್ಯಾಂಡ್‌ಬಾಲ್‌ನಲ್ಲಿ ಒಲಿಂಪಿಕ್ ಪದಕ ಗೆದ್ದದ್ದು ಕೇವಲ ಅದೃಷ್ಟವೇ ಎಂದು ತಾವು ಕೇಳಿದ್ದೀರಿ. ಖಂಡಿತ ಅಲ್ಲ ಎಂಬುದು ನನ್ನ ಅಭಿಪ್ರಾಯ.

2008ರ ಬೀಜಿಂಗ್ ಕ್ರೀಡಾಕೂಟದ ಗುಂಪು ಹಂತದಲ್ಲಿ ಆ ತಂಡ ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್ ಆಗಿದ್ದ ಜರ್ಮನಿಯನ್ನು, ಕ್ವಾರ್ಟರ್‌ಫೈನಲ್‌ನಲ್ಲಿ ಪೋಲೆಂಡನ್ನು, ಸೆಮಿಫೈನಲ್‌ನಲ್ಲಿ 36-30ರಿಂದ ಸ್ಪೇನನ್ನು ಸೋಲಿಸಿತು. ಫೈನಲ್‌ನಲ್ಲಿ ಫ್ರಾನ್ಸ್‌ಗೆ 23-28ರಿಂದ ಮಣಿದರೂ, ಆ ಬೆಳ್ಳಿ ಐಸ್‌ಲ್ಯಾಂಡಿಗೆ ಯಾವುದೇ ತಂಡ ಕ್ರೀಡೆಯಲ್ಲಿ ದೊರೆತ ಮೊದಲ ಒಲಿಂಪಿಕ್ ಪದಕವಾಯಿತು. ಎರಡೇ ವರ್ಷಗಳಲ್ಲಿ, 2010ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ, ಅವರು ಕಂಚನ್ನೂ ಗೆದ್ದರು. ಅದೃಷ್ಟ ಹೀಗೆ ಬೆನ್ನು ಬೆನ್ನಿಗೆ ಒಲಿಯುವುದಿಲ್ಲ.

ಅಂಗಳದಲ್ಲಿ ಏಳೇ ಮಂದಿ ಆಡುವ, ಸೂರಿನಡಿಯ ಆಟವಿದು; ದೀರ್ಘ ಚಳಿಗಾಲದ ಪುಟ್ಟ ದೇಶಕ್ಕೆ ಹೇಳಿ ಮಾಡಿಸಿದಂತಿದೆ. ಜೊತೆಗೆ ಅವರ ಉತ್ತಮ ಆಟಗಾರರು ವಿದೇಶಿ ಲೀಗ್‌ಗಳಲ್ಲಿ ಪಳಗುತ್ತಾರೆ. ಅಂದಿನ ನಾಯಕ ಓಲಾಫುರ್ ಸ್ಟೆಫಾನ್ಸನ್ ಜರ್ಮನಿಯ ಮಾಗ್ಡೆಬುರ್ಗ್, ಸ್ಪೇನಿನ ಸಿಯುದಾದ್ ರಿಯಾಲ್ ಕ್ಲಬ್‌ಗಳಲ್ಲಿ ಆಡಿದವರು. ಎಡಗೈ ಆಟಗಾರರಾದ ಅವರು ಬಲಬದಿಯಿಂದ ದಾಳಿ ನಡೆಸುತ್ತಿದ್ದರು. ಆ ಬದಿಯಲ್ಲಿ ಬಲಗೈಯವರ ಚೆಂಡು ಅಂಚಿನ ಕಡೆಯಿಂದ ಹೊರಡುವುದರಿಂದ ಗೋಲಿನ ಕೋನ ಕಿರಿದಾಗುತ್ತದೆ. ಎಡಗೈಯವರ ತೋಳು ಅಂಗಳದ ಮಧ್ಯದತ್ತ ಇರುವುದರಿಂದ ಇಡೀ ಗೋಲು ತೆರೆದುಕೊಳ್ಳುತ್ತದೆ. ಸಾಧ್ಯವಾದರೆ ಸ್ಪೇನ್ ವಿರುದ್ಧದ ಆ ಸೆಮಿಫೈನಲ್ ಅನ್ನು ದಯವಿಟ್ಟು ಪೂರ್ತಿ ನೋಡಿ. ನನಗಂತೂ ಫೈನಲ್‌ಗಿಂತ ಅದೇ ಹೆಚ್ಚು ಪ್ರಿಯ.