ಬಾಗಿಲ ನಡುವಿನ ಕಪ್ಪು ಪಟ್ಟಿಗೆ ಜೇಡರಬಲೆಯಂಥ ಗೀರು

ಪ್ರಶ್ನೆ: ಕಾರು ತೆಗೆದುಕೊಂಡು 14 ತಿಂಗಳಾಯಿತು. ಬಾಡಿಯ ಬಣ್ಣಕ್ಕೆ ಏನೂ ಆಗಿಲ್ಲ. ಆದರೆ ಎರಡು ಬಾಗಿಲುಗಳ ನಡುವಿನ ಹೊಳೆಯುವ ಕಪ್ಪು ಪಟ್ಟಿಯನ್ನು ಬಿಸಿಲಲ್ಲಿ ನೋಡಿದರೆ ಬರೀ ಗೀರು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುತ್ತದೆ ಎನ್ನುತ್ತಾರೆ ನಮ್ಮ ಭಾವ. ಉಜ್ಜಲೇ?
– ಓದುಗರು, ಚಿತ್ರದುರ್ಗ

ಉತ್ತರ: ಬೇಡ. ಭಾವನವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಪೇಸ್ಟಿನ ಪುಡಿ ಸಣ್ಣ ಗೀರು ತೆಗೆದರೂ ಇಡೀ ಪಟ್ಟಿಗೆ ಮಂಜು ಕವಿದ ಹಾಗೆ ಮಾಡಿಬಿಡಬಹುದು. ರಬ್ಬರ್ ಬೀಡಿಂಗ್ ಸಂದಿಗೆ ಹೋದ ಬಿಳಿಯಂತೂ ಬೇಗ ಬಿಡುವುದಿಲ್ಲ. ಕೊಬ್ಬರಿ ಎಣ್ಣೆಯೂ ಅಷ್ಟೆ. ಎರಡು ದಿನ ಗೀರು ಮುಚ್ಚುತ್ತದೆ, ಮೂರನೇ ದಿನ ಧೂಳು ಅಂಟಿಸಿಕೊಳ್ಳುತ್ತದೆ.

ನಾನೊಂದು ಕೇಳಲಾ? ಬೆಳಗ್ಗೆ ಕಾರನ್ನು ಒಣ ಬಟ್ಟೆಯಲ್ಲಿ ಒರೆಸುತ್ತೀರಿ, ಅಲ್ವಾ? ನನ್ನ ಪೇಂಟಿಂಗ್ ಶೆಡ್ಡಿಗೆ ಈ ದೂರು ತರುವವರಲ್ಲಿ ಜಾಸ್ತಿ ಜನ ಹಾಗೇ ಮಾಡುವವರು. ಧೂಳಿನಲ್ಲಿರುವ ಮರಳು ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಬಟ್ಟೆ ಆಡಿದಲ್ಲೆಲ್ಲ ಅದೂ ಗೀಚುತ್ತಾ ಹೋಗುತ್ತದೆ. ಬಿಳಿ ಬಾಡಿಯ ಮೇಲೂ ಇದೇ ಗೀರು ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಮೊದಲು ಪಟ್ಟಿಯ ಅಂಚು ನೋಡಿ. ಕೆಲವು ಕಾರುಗಳಲ್ಲಿ ಅದು ಬರೀ ಅಂಟಿಸಿದ ಸ್ಟಿಕ್ಕರ್. ಹಾಗಿದ್ದರೆ ಪಾಲಿಷ್ ಮಾಡಲು ಹೋಗಬೇಡಿ, ಕಿತ್ತು ಹೊಸದು ಹಾಕಿಸಿ. ಪ್ಲಾಸ್ಟಿಕ್ ಆಗಿದ್ದರೆ ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ. ಸಿಕ್ಕಿಕೊಂಡರೆ ಆ ಗೀರು ಆಳವಾಗಿದೆ, ಪಾಲಿಷ್‌ಗೆ ಪೂರ್ತಿ ಹೋಗುವುದಿಲ್ಲ. ಜಾರಿದರೆ ಮನೆಯಲ್ಲೇ ಮಾಡಬಹುದು.

ನೆರಳಲ್ಲಿ ನಿಲ್ಲಿಸಿ. ಕಾರ್ ಶಾಂಪೂ ಹಾಕಿ ತೊಳೆದು ಒಣಗಿಸಿ. ಸುತ್ತಲಿನ ರಬ್ಬರಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಫಿನಿಶಿಂಗ್ ಪಾಲಿಷ್ ಎಂದೇ ಕೇಳಿ ತನ್ನಿ, ರಬ್ಬಿಂಗ್ ಕಾಂಪೌಂಡ್ ಬೇಡ. ಮೆತ್ತನೆ ಫೋಮ್ ಪ್ಯಾಡಿಗೆ ಕಡಲೆಕಾಳಿನಷ್ಟು ಹಾಕಿ, ಅಂಗೈಯಗಲ ಜಾಗವನ್ನು ಹಗುರವಾಗಿ ಉಜ್ಜಿ. ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ ನೋಡಿ, ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸಿ. ಪಾಲಿಷ್ ಎಂದರೆ ಗೀರು ತುಂಬುವುದಲ್ಲ, ಸುತ್ತಲಿನ ಪದರವನ್ನೇ ಒಂಚೂರು ಸವೆಸುವುದು. ಪ್ರತಿ ತಿಂಗಳು ಮಾಡುವ ಕೆಲಸವಲ್ಲ.

ಬಫಿಂಗ್ ಮಷಿನ್ ಇದೆ ಎಂದು ಉಮೇದು ಬೇಡ. ತಗಡು ಬಿಸಿಯನ್ನು ಹರಡಿಬಿಡುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಅದು ಅಲ್ಲೇ ನಿಲ್ಲುತ್ತದೆ. ಕೆಲಸ ಕಲಿಯುವಾಗ ನಾನು ಒಂದೇ ಕಡೆ ಮಷಿನ್ ಹಿಡಿದು, ಗಿರಾಕಿಯ ಹೊಸ ಪಟ್ಟಿಯನ್ನು ದೋಸೆಯಂತೆ ಉಬ್ಬಿಸಿದ್ದೆ. ಹೊಸದರ ದುಡ್ಡು ನನ್ನ ಸಂಬಳದಲ್ಲೇ ಹೋಯಿತು.

ಇನ್ನು ಮುಂದೆ ಧೂಳಿಗೆ ಮೊದಲು ನೀರು, ಆಮೇಲೆ ಬಟ್ಟೆ. ಎರಡು ಬಕೆಟ್ ಇಡಿ, ಒಂದರಲ್ಲಿ ಶಾಂಪೂ, ಇನ್ನೊಂದು ಬಟ್ಟೆ ಜಾಲಿಸಲು. ನೆಲಕ್ಕೆ ಬಿದ್ದ ಬಟ್ಟೆ ಕಾರಿಗೆ ಬೇಡವೇ ಬೇಡ. ಧೂಳು ಹಿಡಿದ ಕಾರಿಗೆ ಕವರ್ ಹೊದಿಸಿದರೆ ಗಾಳಿಗೆ ಅದೇ ಉಜ್ಜುತ್ತದೆ. ಆಯುಧಪೂಜೆಗೆ ಬಾಳೆಕಂದನ್ನು ತಂತಿಯಲ್ಲಿ ಕಟ್ಟಿ ಕಪ್ಪು ಗ್ರಿಲ್ ಕೆರೆಸಿಕೊಂಡು ಬರುವವರೂ ಇದ್ದಾರೆ. ಬಾಳೆನಾರು ಇಲ್ಲವೇ ಹತ್ತಿದಾರ ಬಳಸಿ.

ಪಿಪಿಎಫ್, ಅಂದರೆ ಬಣ್ಣಕ್ಕೆ ಗೀರು ಬೀಳದಂತೆ ಕಾಯುವ ಪಾರದರ್ಶಕ ಫಿಲ್ಮ್ ಅಂಟಿಸುವ ಮನಸ್ಸಿದ್ದರೆ ಈ ಪಟ್ಟಿಗಳಿಗೆ ಮಾತ್ರ ಸಾಕು, ಇಡೀ ಕಾರಿಗೆ ಬೇಕಿಲ್ಲ. ಒಳ್ಳೆಯ ಫಿಲ್ಮ್ ಮೇಲೆ ಬೀಳುವ ಸಣ್ಣ ಗೀರು ಬಿಸಿನೀರು ಹಾಕಿದರೆ ತಾನೇ ಕೂಡಿಕೊಳ್ಳುತ್ತದೆ. ಆದರೆ ಪಾಲಿಷ್ ಆದ ಮೇಲೇ ಅಂಟಿಸಿ. ಇಲ್ಲದಿದ್ದರೆ ಹಳೆ ಗೀರಿಗೇ ದುಡ್ಡು ಕೊಟ್ಟು ಕವರ್ ಹಾಕಿಸಿದ ಹಾಗೆ.