ಓದಿದ್ದೆಲ್ಲ ಗೊತ್ತು, ಬರೆಯಲು ಕೂತರೆ ಬರುವುದಿಲ್ಲ: ಎಸ್ಸೆಸ್ಸೆಲ್ಸಿ ಜೀವಶಾಸ್ತ್ರದ ಭಯ, ಒಂದು ಆಪ್ತಸಲಹೆ ಪ್ರಕರಣ

ಶ್ರಾವ್ಯ (ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ) ಉಡುಪಿ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರ ಹತ್ತನೇ ತರಗತಿ ವಿದ್ಯಾರ್ಥಿನಿ. ತಂದೆ ಮಲ್ಪೆಯಿಂದ ಹೊರಡುವ ಬೋಟಿನಲ್ಲಿ ದುಡಿಯುವವರು, ಹೆಚ್ಚಿನ ದಿನ ಕಡಲಲ್ಲೇ. ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ವಿಜ್ಞಾನ ಪರೀಕ್ಷೆಗೆ ಮೂರು ದಿನ ಇರುವಾಗ ತಾಯಿ ಮಗಳನ್ನು ಕರೆದುಕೊಂಡು ಬಂದರು.

"ಎಲ್ಲ ಬರ್ತದೆ ಮೇಡಂ ಅವಳಿಗೆ. ರಾತ್ರಿ ಒಂದು ಗಂಟೆವರೆಗೆ ಪುಸ್ತಕ ಹಿಡ್ಕೊಂಡೇ ಇರ್ತಾಳೆ. ಅಲ್ಲಿ ಹೋಗಿ ಕೂತ್ರೆ ಮಾತ್ರ ಎಂತದೂ ನೆನಪಾಗುದಿಲ್ಲ ಅಂತೆ" ಎಂದರು ತಾಯಿ. ಮಗಳು ತಲೆ ಎತ್ತಲಿಲ್ಲ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಆದದ್ದು ಇಷ್ಟು. ಭೌತಶಾಸ್ತ್ರ, ರಸಾಯನಶಾಸ್ತ್ರದ ಪ್ರಶ್ನೆಗಳನ್ನು ಹೇಗೋ ಮುಗಿಸಿದ್ದಳು. ಜೀವಶಾಸ್ತ್ರದಲ್ಲಿ ಹೃದಯದ ನೀಳಛೇದದ ಚಿತ್ರ ಕೇಳಿದ್ದರು. ಕೈ ತಣ್ಣಗಾಯಿತು, ಹೊಟ್ಟೆ ಹಿಂಡಿತು, ಬರೆಯಲು ಹೊರಟ ಹೆಸರೇ ಬರಲಿಲ್ಲ. ಅದೇ ಪ್ರಶ್ನೆಯ ಮುಂದೆ ಇಪ್ಪತ್ತು ನಿಮಿಷ ಕೂತಳು. ಆಮೇಲೆ ಗೊತ್ತಿದ್ದ ಪ್ರಶ್ನೆಗಳಿಗೂ ಸಮಯ ಸಾಲಲಿಲ್ಲ. ಅಂದಿನಿಂದ ಜೀವಶಾಸ್ತ್ರದ ಪಾಠ ತೆರೆದರೆ ಅಳು, ಮುಚ್ಚಿದರೆ ಇನ್ನೂ ಹೆಚ್ಚು ಅಳು.

ತೊಂದರೆ ಎಲ್ಲಿತ್ತು

ಪಠ್ಯಪುಸ್ತಕ ತಂದಿದ್ದಳು. ಮೂರು ಬಣ್ಣದ ಹೈಲೈಟರ್‌ನಲ್ಲಿ ಪುಟಪುಟವೂ ತುಂಬಿತ್ತು. ಕೆಲವು ಪುಟಗಳಲ್ಲಿ ಗೆರೆ ಎಳೆಯದ ಸಾಲೇ ಇರಲಿಲ್ಲ. ಪುಸ್ತಕ ಮುಚ್ಚಿಸಿ, ಖಾಲಿ ಹಾಳೆ ಕೊಟ್ಟು, ಹೃದಯದ ಚಿತ್ರ ಬರೆಯಲು ಹೇಳಿದೆವು. ಚಿತ್ರ ಪುಟದಲ್ಲಿ ಎಲ್ಲಿದೆ, ಅದರ ಕೆಳಗೆ ಯಾವ ಪ್ಯಾರಾ ಇದೆ ಎಂಬುದು ಅವಳಿಗೆ ಸರಿಯಾಗಿ ಗೊತ್ತಿತ್ತು. ಆದರೆ ಹಾಳೆಯ ಮೇಲೆ ಬಂದದ್ದು ಒಂದು ಹೊರಗೆರೆ ಮತ್ತು ಮೂರು ಹೆಸರು. ಅದರಲ್ಲೂ ಹೃದಯದ ಮೇಲಿನ ಎರಡು ಕೋಣೆಗಳಾದ ಬಲ ಹೃತ್ಕರ್ಣ, ಎಡ ಹೃತ್ಕರ್ಣ ಅದಲು ಬದಲಾಗಿದ್ದವು.

ಇಲ್ಲಿಯೇ ವಿಷಯ ಸ್ಪಷ್ಟವಾಯಿತು. ಮತ್ತೆ ಮತ್ತೆ ಓದಿದ ಪುಟ ಕಣ್ಣಿಗೆ ಪರಿಚಿತವಾಗುತ್ತದೆ, ಆ ಪರಿಚಯವನ್ನೇ ಮಕ್ಕಳು 'ಬರ್ತದೆ' ಅಂದುಕೊಳ್ಳುತ್ತಾರೆ. ಪರೀಕ್ಷೆ ಕೇಳುವುದು ಬೇರೆಯದನ್ನು: ಎದುರಿಗೆ ಏನೂ ಇಲ್ಲದಿರುವಾಗ ನೆನಪಿನಿಂದ ಎಳೆದು ತೆಗೆಯುವುದನ್ನು. ಈ ಕೆಲಸವನ್ನು ಶ್ರಾವ್ಯ ವರ್ಷವಿಡೀ ಮನೆಯಲ್ಲಿ ಒಮ್ಮೆಯೂ ಮಾಡಿರಲಿಲ್ಲ. ಮೊದಲ ಸಲ ಮಾಡಿದ್ದು ಪರೀಕ್ಷಾ ಕೊಠಡಿಯಲ್ಲಿ, ಅದೂ ಹೆದರಿಕೆಯ ನಡುವೆ. ಇಷ್ಟು ಶ್ರಮಪಟ್ಟ ಹುಡುಗಿಗೆ "ಇನ್ನೂ ಚೆನ್ನಾಗಿ ಓದು" ಎಂದು ಹೇಳಿದರೆ ಅವಳು ಮತ್ತೆ ಅದನ್ನೇ ಮಾಡುತ್ತಾಳೆ, ಇನ್ನೂ ತಡರಾತ್ರಿಯವರೆಗೆ.

ಭಯದ ಲಕ್ಷಣಗಳನ್ನು ವಿವರಿಸಲು ಅವಳದೇ ಪಾಠವನ್ನು ಬಳಸಿಕೊಂಡೆವು. 'ನಿಯಂತ್ರಣ ಮತ್ತು ಸಹಭಾಗಿತ್ವ' ಪಾಠದಲ್ಲಿ ಅಡ್ರಿನಲಿನ್ ಏನು ಮಾಡುತ್ತದೆ ಎಂದು ಕೇಳಿದಾಗ ಒಂದೇ ಉಸಿರಿಗೆ ಹೇಳಿದಳು: ಹೃದಯ ವೇಗವಾಗಿ ಬಡಿಯುತ್ತದೆ, ಸ್ನಾಯುಗಳಿಗೆ ಹೆಚ್ಚು ಆಕ್ಸಿಜನ್ ಸಿಗುತ್ತದೆ, ಜೀರ್ಣಾಂಗಗಳಿಗೆ ಮತ್ತು ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ, ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು ಪರದೆ) ಮತ್ತು ಪಕ್ಕೆಲುಬಿನ ಸ್ನಾಯುಗಳ ಸಂಕೋಚನದಿಂದ ಉಸಿರಾಟದ ದರ ಏರುತ್ತದೆ.

"ಹಾಗಾದರೆ ಅವತ್ತು ಕೈ ಯಾಕೆ ತಣ್ಣಗಾಯಿತು?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಚರ್ಮಕ್ಕೆ ರಕ್ತ ಕಡಿಮೆ ಹೋಯ್ತು... ಹೊಟ್ಟೆಯೂ ಅದಕ್ಕೇ ಹಿಂಡಿದ್ದಾ ಮೇಡಂ?" ಎಂದಳು.

ಹೌದು, ಅದಕ್ಕೇ. ದೇಹ ಅಪಾಯಕ್ಕೆ ಸಿದ್ಧವಾಗುವ ರೀತಿ ಅದು. ತಣ್ಣಗಿನ ಕೈ ಬುದ್ಧಿ ಹೋದದ್ದರ ಗುರುತು ಅಲ್ಲ. ಅಲೆ ಏರಿದಂತೆ ಅದು ಇಳಿಯುತ್ತದೆ. 'ಹೆದರಬಾರದು, ಹೆದರಬಾರದು' ಎಂದು ಅದರ ಜೊತೆ ಜಗಳಕ್ಕೆ ನಿಂತರೆ ಮಾತ್ರ ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಕೈಗೆ ಒಂದು ಸುಲಭದ ಕೆಲಸ ಕೊಡಬೇಕು.

ಉಳಿದ ಮೂರು ದಿನಕ್ಕೆ ಕೊಟ್ಟ ಸಲಹೆ

ಹೈಲೈಟರ್ ತಾಯಿಯ ಕೈಗೆ ಹೋಯಿತು. ಹೊಸ ಗೈಡ್, ವಾಟ್ಸಾಪ್‌ನಲ್ಲಿ ಬರುವ 'ಖಂಡಿತ ಬರುವ ಪ್ರಶ್ನೆಗಳು' ಎರಡನ್ನೂ ಬಿಡಲು ಹೇಳಿದೆವು. ಕೊನೆಯ ಎರಡು ದಿನ ಹೊಸದೇನಾದರೂ ಕಣ್ಣಿಗೆ ಬಿದ್ದರೆ 'ಇದು ನನಗೆ ಗೊತ್ತೇ ಇಲ್ಲ' ಎಂಬ ಗಾಬರಿ ಹುಟ್ಟುವುದು ಬಿಟ್ಟರೆ ಬೇರೆ ಪ್ರಯೋಜನ ಅಪರೂಪ.

ಓದುವ ರೀತಿ ಹೀಗೆ. ಒಂದು ಸಣ್ಣ ಭಾಗವನ್ನು, ಉದಾಹರಣೆಗೆ ಮೂತ್ರಪಿಂಡದಲ್ಲಿ ರಕ್ತ ಸೋಸುವ ನೆಫ್ರಾನ್‌ನ ರಚನೆಯನ್ನು, ಐದು ನಿಮಿಷ ನೋಡುವುದು. ಪುಸ್ತಕ ಮುಚ್ಚುವುದು. ಹತ್ತು ನಿಮಿಷ ನೆನಪಿನಿಂದ ಬರೆಯುವುದು, ಬಾರದಿದ್ದಲ್ಲಿ ಜಾಗ ಬಿಟ್ಟು ಮುಂದೆ ಹೋಗುವುದು. ಆಮೇಲೆ ಪುಸ್ತಕ ತೆರೆದು ಬಿಟ್ಟ ಜಾಗವನ್ನು ಕೆಂಪು ಪೆನ್ನಿನಲ್ಲಿ ತುಂಬುವುದು. ಕೆಂಪು ಬಿದ್ದದ್ದನ್ನು ಮಾತ್ರ ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಬರೆಯುವುದು. ಬಂದದ್ದನ್ನೇ ಮತ್ತೆ ಬರೆದು ಸಮಾಧಾನ ಪಡುವುದು ಬೇಡ. ಪುಸ್ತಕ ಮುಚ್ಚಿ ಬರೆಯುವಾಗ ಮೊದಲ ದಿನ ಬೇಸರವಾಗುತ್ತದೆ, ಯಾಕೆಂದರೆ ಬಾರದ್ದು ಕಣ್ಣೆದುರೇ ಕಾಣುತ್ತದೆ. ಈ ಮಾತನ್ನು ಮುಂಚೆಯೇ ಹೇಳದಿದ್ದರೆ ಮಕ್ಕಳು ಅರ್ಧಕ್ಕೇ ಬಿಟ್ಟು ಹೈಲೈಟರ್‌ಗೆ ಮರಳುತ್ತಾರೆ.

ಹೃದಯದ ಚಿತ್ರಕ್ಕೆ ಒಂದು ಕ್ರಮ ಕಟ್ಟಿಕೊಟ್ಟೆವು, ಏಕೆಂದರೆ ಭಯ ಅಂಟಿಕೊಂಡಿದ್ದು ಅದಕ್ಕೇ. ಪೆನ್ಸಿಲ್ ಮುಟ್ಟಿದ ಕೂಡಲೇ ಹಾಳೆಯ ಎಡತುದಿಯಲ್ಲಿ ಸಣ್ಣದಾಗಿ 'ಬಲ', ಬಲತುದಿಯಲ್ಲಿ 'ಎಡ' ಎಂದು ಬರೆಯುವುದು. ಚಿತ್ರದಲ್ಲಿ ಹೃದಯ ನಮ್ಮೆದುರು ನಿಂತ ವ್ಯಕ್ತಿಯದು, ಆದ್ದರಿಂದ ಅವನ ಬಲಭಾಗ ನಮ್ಮ ಎಡಕ್ಕೆ ಬರುತ್ತದೆ. ಅಂಕ ಹೋಗುವ ದೊಡ್ಡ ದಾರಿ ಇದೇ. ನಂತರ ಅರ್ಧ ಪುಟದಷ್ಟು ದೊಡ್ಡ ಹೊರಗೆರೆ, ಚೂಪಾದ ತುದಿ ಕೆಳಗೆ, ಹಾಳೆಯ ಬಲಕ್ಕೆ ವಾಲಿದಂತೆ. ನಡುವೆ ವಿಭಾಜಕ ಭಿತ್ತಿ. ಮೇಲೆ ಸಣ್ಣ ಹೃತ್ಕರ್ಣಗಳು ಎರಡು, ಕೆಳಗೆ ದೊಡ್ಡ ಹೃತ್ಕುಕ್ಷಿಗಳು ಎರಡು. ಎಡ ಹೃತ್ಕುಕ್ಷಿಯ ಗೋಡೆ ಎದ್ದು ಕಾಣುವಷ್ಟು ದಪ್ಪ, ಏಕೆಂದರೆ ಇಡೀ ದೇಹಕ್ಕೆ ರಕ್ತ ತಳ್ಳುವುದು ಅದು. ಕೊನೆಗೆ ರಕ್ತನಾಳಗಳು: ಎಡ ಹೃತ್ಕುಕ್ಷಿಯಿಂದ ಮಹಾಪಧಮನಿ, ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವ ಪುಪ್ಪುಸಕ ಅಪಧಮನಿ, ಬಲ ಹೃತ್ಕರ್ಣಕ್ಕೆ ಮಹಾ ಅಭಿಧಮನಿಗಳು, ಎಡ ಹೃತ್ಕರ್ಣಕ್ಕೆ ಪುಪ್ಪುಸಕ ಅಭಿಧಮನಿಗಳು. ಹೆಸರಿನ ಗೆರೆಗಳನ್ನು ಸ್ಕೇಲ್ ಇಟ್ಟು, ಒಂದಕ್ಕೊಂದು ದಾಟದಂತೆ, ತುದಿ ಭಾಗಕ್ಕೆ ಮುಟ್ಟುವಂತೆ ಎಳೆಯಬೇಕು. ಛಾಯೆ ತುಂಬುವುದು, ಬಣ್ಣ ಹಚ್ಚುವುದು ಬೇಡ. ಎಲ್ಲ ಸೇರಿ ಏಳು ನಿಮಿಷ, ಅದಕ್ಕಿಂತ ಹೆಚ್ಚು ಕೊಟ್ಟರೆ ಬೇರೆ ಪ್ರಶ್ನೆಯ ಸಮಯ ತಿಂದಂತೆ.

ಆ ದಿನ ನಮ್ಮೆದುರೇ ಎರಡು ಸಲ ಬರೆದಳು. ಎರಡನೆಯದರಲ್ಲಿ ಕೆಂಪು ಬಿದ್ದದ್ದು ಪುಪ್ಪುಸಕ ಅಪಧಮನಿಯೊಂದೇ. ಅಪಧಮನಿಯಾಗಿಯೂ ಅದು ಆಕ್ಸಿಜನ್‌ರಹಿತ ರಕ್ತ ಒಯ್ಯುತ್ತದೆ ಎಂಬಲ್ಲಿ ಬಹಳ ಮಕ್ಕಳು ತಡವರಿಸುತ್ತಾರೆ.

ಉಳಿದ ಚಿತ್ರಗಳಿಗೂ ಇದೇ ದಾರಿ: ನೆಫ್ರಾನ್, ಪತ್ರರಂಧ್ರ, ನರಕೋಶ, ಪರಾವರ್ತಿತ ಚಾಪ (ಯೋಚಿಸದೆ ಆಗುವ ತಕ್ಷಣದ ಪ್ರತಿಕ್ರಿಯೆಯಲ್ಲಿ ನರಸಂದೇಶ ಸಾಗುವ ದಾರಿ), ಮೆದುಳು, ಹೂವಿನ ನೀಳಛೇದ. ಪರಾವರ್ತಿತ ಚಾಪದಲ್ಲಿ ದಾರಿಯ ಕ್ರಮ ತಪ್ಪುವುದು ಸಾಮಾನ್ಯ. ಗ್ರಾಹಕ, ಜ್ಞಾನವಾಹಿ ನರಕೋಶ, ಬೆನ್ನುಹುರಿ, ಕ್ರಿಯಾವಾಹಿ ನರಕೋಶ, ಸ್ನಾಯು ಎಂದು ಬಾಣ ಹಾಕುತ್ತಾ ಬರೆಯಬೇಕು. ಮೆಂಡಲನ ತಳಿ ಸಂಕರಣದಲ್ಲಿ ಲಿಂಗಾಣುಗಳ ಸಾಲನ್ನು ಬಿಟ್ಟು ನೇರವಾಗಿ 3:1 ಬರೆಯುವ ಅಭ್ಯಾಸ ಶ್ರಾವ್ಯಳಿಗಿತ್ತು. ಉತ್ತರ ಸರಿ ಇದ್ದರೂ ಹಂತದ ಅಂಕ ಹೋಗುತ್ತದೆ. ಹೊರನೋಟಕ್ಕೆ 3:1, ಜೀನು ನಮೂನೆಗೆ 1:2:1, ಎರಡು ಗುಣಗಳಿದ್ದರೆ 9:3:3:1. ಮೂರನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದಿಟ್ಟುಕೊಂಡಳು.

'ನಮ್ಮ ಪರಿಸರ' ಪಾಠವನ್ನು ಅವಳು ಮುಟ್ಟಿಯೇ ಇರಲಿಲ್ಲ, ಕೊನೆಯ ಪಾಠವೆಂದು ಬಿಟ್ಟಿದ್ದಳು. ಚಿಕ್ಕದು, ಒಂದೂವರೆ ಗಂಟೆಯ ಕೆಲಸ. ಆಹಾರ ಸರಪಳಿಯ ಒಂದು ಹಂತದಿಂದ, ಅಂದರೆ ಪೋಷಣಾಸ್ತರದಿಂದ, ಮುಂದಿನದಕ್ಕೆ ಸುಮಾರು ಶೇಕಡಾ 10ರಷ್ಟು ಶಕ್ತಿ ಮಾತ್ರ ದಾಟುವ ಲೆಕ್ಕ, ಓಝೋನ್ ಉಂಟಾಗುವ ಬಗೆ, ಅದನ್ನು ಕ್ಲೋರೋಫ್ಲೋರೋಕಾರ್ಬನ್‌ಗಳು ತೆಳುವಾಗಿಸುವುದು, 1987ರಲ್ಲಿ ಅವುಗಳ ಉತ್ಪಾದನೆಯನ್ನು 1986ರ ಮಟ್ಟದಲ್ಲೇ ನಿಲ್ಲಿಸಲು ಆದ ಒಪ್ಪಂದ. ಇಷ್ಟನ್ನು ಸಾಕೆಂದು ಗುರುತು ಹಾಕಿಕೊಟ್ಟೆವು.

ನಿದ್ದೆ, ಚಹಾ, ಮೈಕ್

ರಾತ್ರಿ ಒಂದರವರೆಗೆ ಕೂರಲು ಮೂರು ಲೋಟ ಚಹಾ ಕುಡಿಯುತ್ತಿದ್ದಳು. ಚಹಾದ ಕೆಫೀನ್ ಎದೆಬಡಿತವನ್ನೂ ಏರಿಸುತ್ತದೆ, ಅದನ್ನು ಅವಳು ಭಯ ಎಂದೇ ಎಣಿಸುತ್ತಿದ್ದಳು. ಸಂಜೆ ನಾಲ್ಕರ ನಂತರ ಚಹಾ ಇಲ್ಲ, ಹತ್ತಕ್ಕೆ ದೀಪ ಆರಿಸುವುದು, ಐದೂವರೆಗೆ ಏಳುವುದು ಎಂದು ನಿಗದಿಯಾಯಿತು. ಹಗಲು ಬರೆದದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ನಿದ್ದೆ ಕದ್ದು ಓದಿದ ಎರಡು ಗಂಟೆಯಿಂದ ಮರುದಿನದ ಮೂರು ಗಂಟೆ ಮಂಕಾಗುತ್ತದೆ.

ತಾಯಿ ಆಗ ನೆನಪು ಮಾಡಿಕೊಂಡರು: ಪರೀಕ್ಷೆಯ ಹಿಂದಿನ ರಾತ್ರಿ ಮನೆ ಹತ್ತಿರ ನೇಮ (ದೈವದ ಕೋಲ), ಬೆಳಗಿನವರೆಗೂ ಮೈಕ್. ಮಾರ್ಚ್–ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಗಳಲ್ಲಿ ಇದು ಪ್ರತಿ ಮನೆಯ ಸಮಸ್ಯೆ. ಕಿವಿಗೆ ಹತ್ತಿ ಇಟ್ಟು ಮಲಗಿಸುವ ಬದಲು ಆ ಒಂದು ರಾತ್ರಿ ಪರೀಕ್ಷಾ ಕೇಂದ್ರಕ್ಕೂ ಹತ್ತಿರವಿರುವ ಚಿಕ್ಕಮ್ಮನ ಮನೆಗೆ ಕಳುಹಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಹಾಲ್ ಟಿಕೆಟ್, ಎರಡು ಪೆನ್ನು, ಪೆನ್ಸಿಲ್, ರಬ್ಬರ್, ಸ್ಕೇಲ್ ಸಂಜೆಯೇ ಚೀಲಕ್ಕೆ.

ಬೆಳಿಗ್ಗೆ ಹೊಟ್ಟೆ ಹಿಂಡುತ್ತದೆಂದು ಬರೀ ಹೊಟ್ಟೆಯಲ್ಲಿ ಹೋಗುತ್ತಿದ್ದಳು. ಕುಚ್ಚಲಕ್ಕಿ ಗಂಜಿ, ಉಪ್ಪು, ಸ್ವಲ್ಪ ತೆಂಗಿನಕಾಯಿ ಚಟ್ನಿ ಸಾಕು. ಅಭ್ಯಾಸವಿಲ್ಲದ ತಿಂಡಿ, ಹಾಲು, ಎಣ್ಣೆಯಲ್ಲಿ ಕರಿದದ್ದು ಆ ದಿನ ಬೇಡ. ಕರಾವಳಿಯ ಸೆಕೆಗೆ ಕೈ ಬೆವರಿ ಜೆಲ್ ಪೆನ್ನಿನ ಶಾಯಿ ಕಲಸಿಹೋಗುತ್ತದೆ. ಬಾಲ್ ಪೆನ್ನು, ಒಂದು ಹತ್ತಿಯ ಕರ್ಚೀಫ್ ಇರಲಿ.

ಕೊಠಡಿಯಲ್ಲಿ

ಗೇಟಿನ ಹತ್ತಿರ ಗೆಳತಿಯರು "ಅದು ಓದಿದ್ಯಾ, ಇದು ಓದಿದ್ಯಾ" ಎಂದು ಕೇಳುವ ಗುಂಪಿನಿಂದ ದೂರ ನಿಲ್ಲುವುದು. ಕೆಂಪು ಬಿದ್ದದ್ದನ್ನು ಬರೆದ ಒಂದು ಹಾಳೆ ನೋಡಬಹುದು, ಅದನ್ನೂ ಒಳಗೆ ಹೋಗುವ ಮೊದಲು ಚೀಲಕ್ಕೆ ಹಾಕುವುದು.

ಕೂತ ಮೇಲೆ ಉಸಿರು: ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ಎರಡು ನಿಮಿಷ. ಹೊರಗೆ ಬಿಡುವುದು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ಗಟ್ಟಿಯಾಗಿ, ಬೇಗಬೇಗ ಎಳೆದುಕೊಂಡರೆ ತಲೆ ಸುತ್ತಿ ಗಾಬರಿ ಹೆಚ್ಚುತ್ತದೆ. ಪರೀಕ್ಷೆಯ ದಿನ ಮೊದಲ ಸಲ ಮಾಡಿದರೆ ಪ್ರಯೋಜನ ಕಡಿಮೆ, ಹಾಗಾಗಿ ಮೂರೂ ದಿನ ಬರೆಯಲು ಕೂರುವ ಮೊದಲು ಮಾಡಲು ಹೇಳಿದೆವು.

ಪ್ರಶ್ನೆಪತ್ರಿಕೆ ಓದಲು ಸಿಗುವ 15 ನಿಮಿಷದಲ್ಲಿ ಖಂಡಿತ ಬರುವುದನ್ನು ಮನಸ್ಸಿನಲ್ಲೇ ಆರಿಸಿಕೊಂಡು ಅದರಿಂದಲೇ ಆರಂಭಿಸುವುದು. ಯಾವುದಾದರೂ ಪ್ರಶ್ನೆಗೆ ತಲೆ ಖಾಲಿಯಾದರೆ ಎರಡೇ ನಿಮಿಷ. ಆ ಹೊತ್ತಿನಲ್ಲಿ ಕಚ್ಚಾ ಕೆಲಸದ ಜಾಗದಲ್ಲಿ ಸಂಬಂಧಪಟ್ಟ ಒಂದು ಹೆಸರನ್ನೋ ಹೊರಗೆರೆಯನ್ನೋ ಬರೆಯುವುದು, ಒಂದು ಪದ ಇನ್ನೊಂದನ್ನು ಎಳೆದು ತರುತ್ತದೆ. ಬಾರದಿದ್ದರೆ ಪ್ರಶ್ನೆ ಸಂಖ್ಯೆ ಹಾಕಿ, ಜಾಗ ಬಿಟ್ಟು, ಮುಂದಕ್ಕೆ.

ತಾಯಿಗೆ ಹೇಳಿದ್ದು

"ಎಷ್ಟು ಆಯ್ತು?" ಎಂಬ ಪ್ರಶ್ನೆ ನಿಲ್ಲಲಿ. ಮುಂಬಯಿಯಲ್ಲಿರುವ ಮಾವ ದಿನಾ ರಾತ್ರಿ ಫೋನ್ ಮಾಡಿ ಎಷ್ಟು ಪರ್ಸೆಂಟ್ ಬರಬಹುದು ಎಂದು ಕೇಳುತ್ತಿದ್ದರು. ಎಲ್ಲ ಪರೀಕ್ಷೆ ಮುಗಿದ ಮೇಲೆ ಮಾತಾಡಿ ಎಂದು ಅವರಿಗೆ ತಾಯಿಯೇ ಹೇಳಬೇಕು, ಮಗಳು ಹೇಳಲಾರಳು. ಪರೀಕ್ಷೆಯಿಂದ ಬಂದ ದಿನ ಉತ್ತರಗಳನ್ನು ತಾಳೆ ನೋಡುವುದೂ ಬೇಡ, ಮುಂದೆ ಇನ್ನೂ ಪತ್ರಿಕೆಗಳಿವೆ. ಪರೀಕ್ಷೆ-1 ಸರಿಯಾಗದಿದ್ದರೆ ಅದೇ ವರ್ಷ ಪರೀಕ್ಷೆ-2 ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ ಎಂಬುದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕೇಳಿದಾಗ ಮಗಳಿಗಿಂತ ತಾಯಿಯ ಮುಖ ಹೆಚ್ಚು ಸಡಿಲವಾಯಿತು.

ಪರೀಕ್ಷೆಯ ನಂತರ ಶ್ರಾವ್ಯ ಮತ್ತೊಮ್ಮೆ ಬಂದಿದ್ದಳು. ಕೈ ಈ ಸಲವೂ ತಣ್ಣಗಾಗಿತ್ತು. ಒಂದು ಪ್ರಶ್ನೆಗೆ ತಲೆ ಖಾಲಿಯಾಯಿತು, ಜಾಗ ಬಿಟ್ಟು ಮುಂದೆ ಹೋದಳು, ಕೊನೆಯಲ್ಲಿ ಮುಕ್ಕಾಲು ಪಾಲು ಬರೆದಳು. ಪೂರ್ತಿ ಪತ್ರಿಕೆ ಮುಗಿಸಿದ್ದು ಅವಳಿಗೆ ಅದೇ ಮೊದಲು. ಪಿಯುಸಿಗೆ ಸೇರಿದ ಮೊದಲ ವಾರದಿಂದಲೇ ಪುಸ್ತಕ ಮುಚ್ಚಿ ಬರೆಯುವ ಕ್ರಮ ಮುಂದುವರಿಸಲು ಹೇಳಿದ್ದೇವೆ.

ಇಂಥ ಎಲ್ಲ ಭಯವೂ ಮೂರು ದಿನದ ಸಲಹೆಗೆ ಬಗ್ಗುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಶಾಲೆಯ ಹೆಸರೆತ್ತಿದರೆ ವಾಂತಿಯಾಗುತ್ತಿದ್ದರೆ, ಊಟ ಬಿಟ್ಟು ಕೋಣೆ ಸೇರಿಕೊಂಡರೆ ವೈದ್ಯರಿಗೆ ತೋರಿಸಿ. "ನಾನಿಲ್ಲದಿದ್ದರೇ ಒಳ್ಳೆಯದು" ಎಂಬಂಥ ಮಾತು ಒಮ್ಮೆ ಬಂದರೂ ಸಾಕು, ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.