ಮಗನಿಗೆ ನನ್ನ ಫುಟ್‌ಬಾಲ್ ಕ್ಲಬ್ ತೋರಿಸಲು ಅದು ಗೆಲ್ಲುವ ಕಾಲಕ್ಕೆ ಕಾಯಬೇಕಾ?

ಕಾಯಬೇಡಿ. ನಾನು ಹಾಗೆ ಲೆಕ್ಕ ಹಾಕಿ ಮೂರು ವರ್ಷ ಅನುಭವಿಸಿದ್ದೇನೆ.

ಮಗನಿಗೆ ಆರು ವರ್ಷ, ನಿಮ್ಮ ಕ್ಲಬ್ ಈ ವರ್ಷ ಸೋಲುತ್ತಲೇ ಇದೆ, ಈಗ ಕೂರಿಸಿಕೊಂಡರೆ ಅವನಿಗೆ ಬೇಜಾರಾಗುತ್ತೇನೋ, ಅಲ್ಲಿಯವರೆಗೆ ಹಳೆಯ ಗೆಲುವುಗಳ ಹೈಲೈಟ್ಸ್ ತೋರಿಸಿ ರುಚಿ ಹತ್ತಿಸಲಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನಮ್ಮ ಮನೆಯ ಹಾಲ್ ಕಣ್ಣ ಮುಂದೆ ಬಂತು.

ನಮ್ಮದು ತುಮಕೂರು. ನನ್ನ ಕ್ಲಬ್ ಇಂಗ್ಲೆಂಡಿನ ಲಿವರ್‌ಪೂಲ್. 1998ರ ವರ್ಲ್ಡ್ ಕಪ್‌ನಲ್ಲಿ ಇಂಗ್ಲೆಂಡಿನ ಮೈಕಲ್ ಓವನ್ ಅರ್ಜೆಂಟೀನಾದವರನ್ನು ದಾಟಿಕೊಂಡು ಓಡಿ ಗೋಲು ಹೊಡೆದನಲ್ಲ, ಆಗ ನನಗೆ 12 ವರ್ಷ. ಈ ಹುಡುಗ ಯಾವ ಕ್ಲಬ್ಬಿನವನು ಅಂತ ಹುಡುಕಿಕೊಂಡು ಹೋದವನು ಅಲ್ಲೇ ಉಳಿದೆ. ನಮ್ಮ ಬೀದಿಯಲ್ಲಿ ಎಲ್ಲರದ್ದೂ ಕ್ರಿಕೆಟ್ಟು. ನನ್ನ ಜೊತೆ ಮಾತಾಡುವವರು ಒಬ್ಬರೂ ಇರಲಿಲ್ಲ. 2004ರಲ್ಲಿ ಓವನ್ ರಿಯಲ್ ಮ್ಯಾಡ್ರಿಡ್‌ಗೆ ಹೊರಟುಹೋದ. ನಾನು ಅವನ ಹಿಂದೆ ಹೋಗಲಿಲ್ಲ. ಮರುವರ್ಷವೇ ಇಸ್ತಾಂಬುಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಬಂತು, ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ಪು ಅದು.

ಆಗ ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಹತ್ತಿರ ಗೆಳೆಯರ ರೂಮಿನಲ್ಲಿ ಒಂದು ಹಳೆ ಟೀವಿ ಇತ್ತು. 2005ರ ಮೇ 25, ನಮಗೆ ರಾತ್ರಿ 12 ದಾಟಿತ್ತು. ಹಾಫ್ ಟೈಮಿಗೆ ಎಸಿ ಮಿಲಾನ್ 3, ನಾವು ಸೊನ್ನೆ. ಜೊತೆಗಿದ್ದವರು ಚಾಪೆ ಹಾಸಿಕೊಂಡು ಮಲಗಿಬಿಟ್ಟರು. ನಾನು ಕೂತೇ ಇದ್ದೆ. 54ನೇ ನಿಮಿಷಕ್ಕೆ ಜೆರಾರ್ಡ್, 56ಕ್ಕೆ ಸ್ಮಿಚರ್, 60ಕ್ಕೆ ಅಲೊನ್ಸೊ. 3-3. ಕೊನೆಗೆ ಪೆನಾಲ್ಟಿಯಲ್ಲಿ ಕೀಪರ್ ಡುಡೆಕ್ ಶೆವ್ಚೆಂಕೊ ಹೊಡೆದದ್ದನ್ನು ತಡೆದ, ಕಪ್ ನಮ್ಮದಾಯಿತು.

ಮಗನಿಗೆ ಊಟ ಮಾಡಿಸುವಾಗಲೆಲ್ಲ ಇದೇ ಕಥೆ ಹೇಳುತ್ತಿದ್ದೆ. ಪೆನಾಲ್ಟಿ ಹೊಡೆಯುವವರನ್ನು ಗಲಿಬಿಲಿ ಮಾಡಲು ಡುಡೆಕ್ ಗೋಲ್ ಲೈನ್ ಮೇಲೆ ಕಾಲು ನಡುಗಿಸಿದ್ದನಲ್ಲ, ಅದನ್ನು ಇವನು ಅಡುಗೆಮನೆ ಬಾಗಿಲಲ್ಲಿ ನಿಂತು ಮಾಡಿ ತೋರಿಸುತ್ತಿದ್ದ. ನಾಲ್ಕು ವರ್ಷದ ಮಗು, ಚಡ್ಡಿ ಜಾರುತ್ತಾ ಇರುತ್ತಿತ್ತು. ಕಥೆ ಮುಗಿಯುವಾಗ ಪ್ರತಿ ಸಲ ಒಂದು ಮಾತು ಹೇಳುತ್ತಿದ್ದೆ: "ಹಾಫ್ ಟೈಮಲ್ಲಿ ಎದ್ದು ಹೋಗಬಾರದು ಪುಟ್ಟ."

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಓದಿ.

2019ರ ಮೇ. ಅವನಿಗೆ 7 ವರ್ಷ. ನಮ್ಮ ಕ್ಲಬ್ಬಿನ ಮೊಹಮದ್ ಸಲಾ ಅಂದರೆ ಪ್ರಾಣ. ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಬಾರ್ಸಿಲೋನಾ ಮೇಲೆ. ಅಲ್ಲಿ ಹೋಗಿ 3-0 ಸೋತು ಬಂದಿದ್ದೆವು. ಎರಡನೇ ಪಂದ್ಯ ನಮ್ಮ ಮೈದಾನ ಆನ್‌ಫೀಲ್ಡ್‌ನಲ್ಲಿ, ನಮಗೆ ಮೇ 8ರ ಬೆಳಗಿನ ಜಾವ 12.30ಕ್ಕೆ. ಎಬ್ಬಿಸುತ್ತೇನೆ ಅಂತ ವಾರದಿಂದ ಹೇಳಿದ್ದೆ. ಅವನು ಕೆಂಪು ಜೆರ್ಸಿ ಹಾಕಿಕೊಂಡೇ ಮಲಗಿದ್ದ.

ನಾನು ಎಬ್ಬಿಸಲಿಲ್ಲ.

ಬೇಸಿಗೆ ರಜೆ, ಬೆಳಿಗ್ಗೆ ಸ್ಕೂಲಿರಲಿಲ್ಲ. ಹಾಗಾಗಿ ಆ ನೆಪವೂ ನನಗಿಲ್ಲ. ಸಲಾಗೆ ತಲೆಗೆ ಪೆಟ್ಟಾಗಿತ್ತು, ಆಡುತ್ತಿರಲಿಲ್ಲ. ಇನ್ನೊಬ್ಬ ಫಾರ್ವರ್ಡ್ ಫರ್ಮಿನೊನೂ ಇಲ್ಲ. ಸೋಲುವುದು ಖಂಡಿತ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಸಲಾ ಇಲ್ಲದ ಸೋಲನ್ನು ಮಗು ಯಾಕೆ ನೋಡಬೇಕು, ಮುಂದೆ ಗೆಲ್ಲುವ ಪಂದ್ಯ ತೋರಿಸಿದರಾಯಿತು ಅಂದುಕೊಂಡೆ. ನೀವು ಈಗ ಯೋಚನೆ ಮಾಡುತ್ತಿರುವುದೂ ಇದನ್ನೇ ಅಲ್ವಾ? ಅವನಿಗೆ ಎಚ್ಚರ ಆಗಬಾರದು ಅಂತ ಟೀವಿಯ ಸದ್ದನ್ನೂ ಪೂರ್ತಿ ನಿಲ್ಲಿಸಿದೆ.

7ನೇ ನಿಮಿಷಕ್ಕೇ ನಮ್ಮ ಒರಿಗಿ ಒಂದು ಹೊಡೆದ. ಆಗ ಎಬ್ಬಿಸಬಹುದಿತ್ತು. ಒಂದು ಗೋಲಿಗೆ ಏನಾಗುತ್ತೆ ಅಂತ ಸುಮ್ಮನಾದೆ. ಹಾಫ್ ಟೈಮಿಗೆ ಬಂದ ವೈನಾಲ್ಡಮ್ 54ಕ್ಕೆ ಒಂದು, 56ಕ್ಕೆ ಇನ್ನೊಂದು ಹೊಡೆದ. ಎರಡೂ ಪಂದ್ಯದ ಗೋಲು ಕೂಡಿಸಿದರೆ 3-3, ಲೆಕ್ಕ ಸಮ ಆಯಿತು. ಆಗ ಎದ್ದು ಅವನ ರೂಮಿನ ಬಾಗಿಲವರೆಗೆ ಹೋದೆ. ಬಾಗಿಲ ಮೇಲೆ ಕೈ ಇಟ್ಟಿದ್ದೆ. ಆದರೆ ಆಗಿನ ನಿಯಮದಲ್ಲಿ, ಲೆಕ್ಕ ಸಮ ಆಗಿ ನಿಂತರೆ ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿಗೆ ತೂಕ ಜಾಸ್ತಿ. ಬಾರ್ಸಿಲೋನಾ ಒಂದು ಹೊಡೆದಿದ್ದರೆ ನಮಗೆ 5 ಬೇಕಾಗುತ್ತಿತ್ತು. ಎಬ್ಬಿಸಿ ಕೂರಿಸಿದ ಮೇಲೆ ಹಾಗಾದರೆ? ಅದರ ಜೊತೆಗೆ ಇನ್ನೊಂದು ಭಯ, ನಾನು ಕೂತ ಜಾಗ ಬಿಟ್ಟರೆ ದೃಷ್ಟಿಯಾಗುತ್ತದೆ ಅಂತ. ವಾಪಸ್ ಬಂದು ಕೂತೆ.

79ನೇ ನಿಮಿಷ. ಕಾರ್ನರ್. ಅಲೆಕ್ಸಾಂಡರ್-ಆರ್ನಾಲ್ಡ್ ಚೆಂಡು ಬಿಟ್ಟು ಹೋಗುವವನ ಹಾಗೆ ಮಾಡಿ, ತಟ್ಟನೆ ತಿರುಗಿ ಒದ್ದ. ಬಾರ್ಸಿಲೋನಾದವರು ಇನ್ನೂ ಆ ಕಡೆ ನೋಡುತ್ತಿರಲಿಲ್ಲ. ಒರಿಗಿ. 4-0. ನಾನು ಟವೆಲನ್ನು ಬಾಯಿಗೆ ಒತ್ತಿಕೊಂಡು ಕೂಗಿದೆ. ಗೋಡೆಯ ಆಚೆ ನನ್ನ ಮಗ ಜೆರ್ಸಿ ಹಾಕಿಕೊಂಡು ಮಲಗಿದ್ದ.

ಬೆಳಿಗ್ಗೆ ಹೇಳಿದಾಗ ಅವನು ಅಳಲಿಲ್ಲ. "ಹಾಫ್ ಟೈಮಲ್ಲಿ ಎದ್ದು ಹೋಗ್ಬಾರ್ದು ಅಂತ ನೀನೇ ಹೇಳಿದ್ದಲ್ವಾ ಅಪ್ಪ?" ಅಂದ. ಅಷ್ಟೇ. ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಿಸಲು ಕರೆದುಕೊಂಡು ಹೋದೆ. ತಿನ್ನಲಿಲ್ಲ. ಜೂನ್ ಫೈನಲ್‌ಗೆ ಎಬ್ಬಿಸಿದರೆ, "ನೀನು ನೋಡಪ್ಪ" ಅಂತ ಮಗ್ಗುಲು ಬದಲಿಸಿದ. ಆ ಫೈನಲ್ಲನ್ನು ಗೆದ್ದೆವು. ಸಲಾನೇ ಮೊದಲ ಗೋಲು ಹೊಡೆದ.

ಅಲ್ಲಿಂದ ಮನೆಯಲ್ಲಿ ಒಂದು ಮಾತು ಬದಲಾಯಿತು. ಮೊದಲು "ನಮ್ಮದು ಗೆಲ್ತಾ?" ಅಂತಿದ್ದವನು "ನಿನ್ನ ಲಿವರ್‌ಪೂಲ್ ಗೆಲ್ತಾ?" ಅನ್ನತೊಡಗಿದ. ನನ್ನ ಹೆಂಡತಿಗೆ ಅದು ಗೊತ್ತೇ ಆಗಲಿಲ್ಲ. ನನಗೆ ಪ್ರತಿ ಸಲ ಚುಚ್ಚುತ್ತಿತ್ತು. 2020ರ ಜೂನ್‌ನಲ್ಲಿ 30 ವರ್ಷದ ಮೇಲೆ ಇಂಗ್ಲೆಂಡಿನ ಲೀಗ್ ಗೆದ್ದೆವು. ನಾನು ಓವನ್ ಕಾಲದಿಂದ ಕಾಯುತ್ತಿದ್ದದ್ದು ಅದನ್ನೇ. ಬೆಳಿಗ್ಗೆ ಅವನಿಗೆ ಹೇಳಿದೆ. "ಕಂಗ್ರಾಟ್ಸ್ ಅಪ್ಪ" ಅಂದ, ಪಕ್ಕದ ಮನೆಯವರಿಗೆ ಹೇಳುವ ಹಾಗೆ.

ಗೆಲುವು ಮಕ್ಕಳನ್ನು ಎಳೆದುಕೊಂಡು ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎರಡು ದೊಡ್ಡ ಗೆಲುವು ನಮ್ಮ ಮನೆಗೆ ಬಂದು ಹೋದವು, ಅವನು ತಿರುಗಿ ನೋಡಲಿಲ್ಲ. ಅವನು ವಾಪಸ್ ಬಂದದ್ದು ಸೋಲಿಗೆ.

2022ರ ಮೇ 22, ಭಾನುವಾರ ರಾತ್ರಿ 8.30. ಲೀಗ್‌ನ ಕೊನೆಯ ದಿನ. ನಾವು ವುಲ್ವ್ಸ್ ಮೇಲೆ ಆಡುತ್ತಿದ್ದೆವು, ಅತ್ತ ಲೀಗ್‌ಗೆ ನಮ್ಮ ಜೊತೆ ಪೈಪೋಟಿಯಲ್ಲಿದ್ದ ಮ್ಯಾಂಚೆಸ್ಟರ್ ಸಿಟಿ ಆಸ್ಟನ್ ವಿಲ್ಲಾ ಎದುರು 2-0 ಹಿಂದೆ ಬಿದ್ದಿತ್ತು. ಮಗ ಊಟದ ತಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ. ನಾನು ಕರೆದಿರಲಿಲ್ಲ. ಸಿಟಿ ಕೊನೆಯಲ್ಲಿ ಐದಾರು ನಿಮಿಷದಲ್ಲಿ ಮೂರು ಹೊಡೆಯಿತು. ಅವರಿಗೆ 93 ಪಾಯಿಂಟ್, ನಮಗೆ 92, ಲೀಗ್ ಅವರದಾಯಿತು. ತಟ್ಟೆಯಲ್ಲಿ ಅನ್ನ ಒಣಗಿತ್ತು. "ಒಂದೇ ಪಾಯಿಂಟಾ ಅಪ್ಪ?" ಅಂತ ಎರಡು ಸಲ ಕೇಳಿದ. ನನಗೆ ಮಾತು ಹೊರಡಲಿಲ್ಲ, ತಲೆ ಆಡಿಸಿದೆ. ಅಪ್ಪನ ಮುಖ ಹಾಗಾಗಿದ್ದನ್ನು ಅವನು ಅದೇ ಮೊದಲು ನೋಡಿದ್ದು. ನಾನು ಯಾವತ್ತೂ ನೋಡಲು ಬಿಟ್ಟೇ ಇರಲಿಲ್ಲ.

ಆರು ದಿನ ಬಿಟ್ಟು ಪ್ಯಾರಿಸ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್, ರಿಯಲ್ ಮ್ಯಾಡ್ರಿಡ್ ಮೇಲೆ. "ಎಬ್ಬಿಸ್ತೀಯಾ?" ಅಂದ. ಎಬ್ಬಿಸಿದೆ. ಅಲ್ಲಿ ಪಂದ್ಯ ಅರ್ಧ ಗಂಟೆಗೂ ಜಾಸ್ತಿ ತಡವಾಯಿತು, ಒಂದೇ ಕಂಬಳಿ ಹೊದ್ದುಕೊಂಡು ಕಾದೆವು. ಅವರ ಕೀಪರ್ ಕುರ್ತ್ವಾ ಎಲ್ಲವನ್ನೂ ತಡೆದ. 1-0 ಸೋತೆವು. ನಾನು ಟೀವಿ ಆರಿಸಲು ಹೋದರೆ ರಿಮೋಟ್ ಕಿತ್ತುಕೊಂಡ. "ಇರಪ್ಪ, ಕಪ್ ಕೊಡೋದು ನೋಡೋಣ. ನಮ್ಮವರು ಚೆನ್ನಾಗೇ ಆಡಿದ್ರು."

ನಮ್ಮವರು. ಮೂರು ವರ್ಷದ ಮೇಲೆ.

ಹಾಗಾಗಿ ಹೈಲೈಟ್ಸ್ ಬೇಡವೇ ಬೇಡ. ಹತ್ತು ನಿಮಿಷದಲ್ಲಿ ನಾಲ್ಕು ಗೋಲು ನೋಡಿ ಅಭ್ಯಾಸವಾದ ಮಗು 90 ನಿಮಿಷದ 0-0 ಹೇಗೆ ನೋಡೀತು? ಯಾವ ಪಂದ್ಯ ಅಂತ ಆರಿಸಲೂ ಹೋಗಬೇಡಿ. ಇಂಗ್ಲೆಂಡಿನ ಕ್ಲಬ್ಬಾದರೆ ಶನಿವಾರದ ಮೊದಲ ಪಂದ್ಯ ನಮಗೆ ಸಂಜೆ 5ಕ್ಕೆ, ಅಲ್ಲಿ ಚಳಿಗಾಲ ಬಂದರೆ 6ಕ್ಕೆ. ಆರು ವರ್ಷದವನಿಗೆ ಅದು ಸಾಕು. ನಡುವೆ ಎದ್ದು ಆಡಲು ಹೋದರೆ ಹೋಗಲಿ, ನೀವು ಕೂತಿರಿ. ನಡುರಾತ್ರಿ ಪಂದ್ಯಕ್ಕೆ ಎಬ್ಬಿಸುತ್ತೇನೆ ಅಂತ ಸುಮ್ಮಸುಮ್ಮನೆ ಹೇಳಬೇಡಿ. ಹೇಳಿದರೆ ಸ್ಕೋರ್ ಎಷ್ಟೇ ಇರಲಿ, ಎಬ್ಬಿಸಿ.

ನಿಮ್ಮ ಕ್ಲಬ್ಬಿನ ಮುಂದಿನ ಪಂದ್ಯ ಯಾವಾಗ? ಅದಕ್ಕೇ ಕೂರಿಸಿಕೊಳ್ಳಿ.